ನೆನಪಿಲ್ಲ ಎನ್ನದ ಸಾಕ್ಷಿ

ಆ ಚಾಲಕ ಮೊದಲ ಸಲ ನನ್ನ ಆಫೀಸಿಗೆ ಬಂದಾಗ ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದ. ಶಾಗ್ಯದವನು. ಸ್ವಂತದ್ದೊಂದು ಗೂಡ್ಸ್ ಆಟೊ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳಿಂದ ತರಕಾರಿ, ಅರಿಸಿನದ ಮೂಟೆ ತುಂಬಿಕೊಂಡು ಕೊಳ್ಳೇಗಾಲಕ್ಕೆ ತರುವುದು ಅವನ ಕಸುಬು. ಕೋರ್ಟಿನಿಂದ ಬಂದ ಸಮನ್ಸನ್ನು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ನಾನು ಓದಿ ಮುಗಿಸುವವರೆಗೂ ಕಾಯದೆ ಕೇಳಿದ.

"ತಪ್ಪಾಯ್ತು ಅಂತ ಒಪ್ಕಬುಡ್ಲಾ ಮೇಡಂ? ಕುಡ್ದಿದ್ದು ದಿಟ."

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೊಳ್ಳೇಗಾಲದ ಕೋರ್ಟಿನಲ್ಲಿ ವಕೀಲಿಕೆ ಮಾಡಿದ್ದೇನೆ. ಒಪ್ಪಿಕೊಳ್ಳಲೆಂದೇ ವಕೀಲರನ್ನು ಹುಡುಕಿಕೊಂಡು ಬಂದವರನ್ನು ನೋಡಿದ್ದು ಕಡಿಮೆ. ಕೂತು ನಿಧಾನವಾಗಿ ಹೇಳಿ ಎಂದೆ. ಅವನು ನಿಂತುಕೊಂಡೇ ಹೇಳಿದ.

ಆವತ್ತು ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ಬಾಡೂಟ ಇತ್ತು. ಊಟಕ್ಕೆ ಮೊದಲು ಗಂಡಸರೆಲ್ಲ ತೋಪಿನ ಕಡೆ ಹೋದಾಗ ಇವನೂ ಹೋದ. ಉಂಡು ಸ್ವಲ್ಪ ಹೊತ್ತು ಮಲಗಿ ಎದ್ದ ಮೇಲೆ ಎಲ್ಲ ಇಳಿದುಹೋಗಿದೆ ಅನ್ನಿಸಿ ಗಾಡಿ ತೆಗೆದ. ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ, ಹನೂರಿನಿಂದ ಶಾಗ್ಯದ ಕಡೆ ಹೋಗುವ ರಸ್ತೆ. ಒಂದು ತಿರುವಿನಲ್ಲಿ ಹೆಂಗಸೊಬ್ಬರು ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಅಂಚಿನಲ್ಲೇ ಹೋಗುತ್ತಿದ್ದರು. ಗಾಡಿಯ ಎಡಮಗ್ಗುಲು ಅವರಿಗೆ ತಗುಲಿತು.

"ಹೊರೆ ಕಂಡಿತ್ತು ಮೇಡಂ. ಹೊರೆ ಕೆಳಗೆ ಮನುಷ್ಯರವ್ರೆ ಅಂತ ಗ್ಯಾನ ಬರೋ ಹೊತ್ಗೆ ಬಿದ್ದೋಗಿದ್ರು."

ಆಕೆಯ ಬಲಗಾಲು ಮಂಡಿಯ ಕೆಳಗೆ ಮುರಿದಿತ್ತು. ಅವನು ಓಡಿಹೋಗಲಿಲ್ಲ. ಗದ್ದೆಯಲ್ಲಿದ್ದ ಇಬ್ಬರನ್ನು ಕೂಗಿ ಕರೆದು, ಆಕೆಯನ್ನು ಅದೇ ಆಟೊದಲ್ಲಿ ಮಲಗಿಸಿ, ಅದೇ ಹುಲ್ಲನ್ನು ಕಾಲಿನ ಕೆಳಗೆ ಮೆತ್ತಗೆ ಹಾಕಿ ತಾನೇ ಆಸ್ಪತ್ರೆಗೆ ತಂದ. ಅಲ್ಲಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಬಂದ ಪೊಲೀಸಿನವರಿಗೆ ಇವನ ಬಾಯಿಯ ವಾಸನೆ ಬಡಿಯಿತು. ಮುಸ್ಸಂಜೆಗೆ ಅಲ್ಲೇ ರಕ್ತ ತೆಗೆಸಿದರು. ಓಡಿಹೋಗಿದ್ದರೆ ಕುಡಿದ ಕೇಸೇ ಆಗುತ್ತಿರಲಿಲ್ಲವೇನೋ.

ನಾನು ಹೇಳಿದೆ, "ನನ್ನ ಹತ್ತಿರ ಹೇಳಿದ್ರಿ, ಸರಿ. ಇನ್ನು ಯಾರ ಹತ್ತಿರವೂ ಹೇಳಬೇಡಿ."

"ಆವಮ್ಮಂಗೂ?"

"ಅವರಿಗಂತೂ ಬೇಡವೇ ಬೇಡ."

ಆಗ ಕುರ್ಚಿಯಲ್ಲಿ ಕೂತ. ಮನಸ್ಸಿನ ಭಾರ ಇಳಿದವನ ಹಾಗೆ ಕೂರಲಿಲ್ಲ, ಬೈಸಿಕೊಂಡವನ ಹಾಗೆ ಕೂತ.

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಕ್ಷಿಗಾರ ವಕೀಲರಿಗೆ ಹೇಳಿದ್ದು ವಕೀಲರ ಹೊಟ್ಟೆಯಲ್ಲೇ ಇರಬೇಕು. ಆರೋಪ ಸಾಬೀತು ಮಾಡುವುದು ಸರ್ಕಾರದ ಹೊಣೆ. ಅವರು ತಂದ ಸಾಕ್ಷ್ಯ ಗಟ್ಟಿಯೋ ಜೊಳ್ಳೋ ಎಂದು ಕೇರಿ ನೋಡುವುದಷ್ಟೇ ನನ್ನ ಕೆಲಸ. ನ್ಯಾಯಾಧೀಶರ ಮುಂದೆ "ಇವನು ಕುಡಿದಿರಲಿಲ್ಲ" ಎಂದು ನಾನು ಒಂದು ಸಲವೂ ಹೇಳಿಲ್ಲ. "ಕುಡಿದಿದ್ದ ಎಂಬುದಕ್ಕೆ ಈ ಸಾಕ್ಷ್ಯ ಸಾಲದು" ಎಂದೆ. ಈ ಎರಡು ಮಾತಿನ ನಡುವಿನ ಅಂತರದಲ್ಲೇ ನನ್ನಂಥವರ ಬದುಕು ನಡೆಯುವುದು. ಅದು ದೊಡ್ಡ ಅಂತರ ಎಂದು ಆಗ ನಂಬಿದ್ದೆ. ಈಗಲೂ ನಂಬುತ್ತೇನೆ, ಆದರೆ ನಂಬಿಕೆ ಮೊದಲಿನಷ್ಟು ಸಲೀಸಾಗಿಲ್ಲ.

ಆರೋಪಪಟ್ಟಿ ತರಿಸಿ ನೋಡಿದೆ. ಕಾನೂನಿನ ಪ್ರಕಾರ ಮೊದಲು ಉಸಿರಿನ ಯಂತ್ರ ಊದಿಸಬೇಕು, ಅದೂ ಘಟನೆ ನಡೆದ ಮೇಲೆ ಆದಷ್ಟು ಬೇಗ. ಇಲ್ಲಿ ಯಂತ್ರವನ್ನೇ ತಂದಿರಲಿಲ್ಲ. ನೇರ ರಕ್ತ, ಅದೂ ತಡವಾಗಿ. ರಕ್ತದ ಸೀಸೆ ಪ್ರಯೋಗಾಲಯಕ್ಕೆ ಹೋಗುವ ಮೊದಲು ಎಷ್ಟೋ ದಿನ ಠಾಣೆಯಲ್ಲೇ ಇತ್ತು, ಎಲ್ಲಿಟ್ಟಿದ್ದರು, ಹೇಗಿಟ್ಟಿದ್ದರು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ವರದಿಯಲ್ಲಿ ಬಂದ ಮದ್ಯದ ಅಂಶ ಕಾನೂನು ಹಾಕಿದ ಗೆರೆಯಿಂದ ಸ್ವಲ್ಪವೇ ಮೇಲಿತ್ತು. ಸ್ವಲ್ಪವೇ ಎಂದರೆ, ಅದರ ಮೇಲೆ ಸಣ್ಣದೊಂದು ಅನುಮಾನ ಬಿದ್ದರೂ ಗೆರೆಯ ಕೆಳಗೆ ಜಾರುವಷ್ಟು.

"ರಕ್ತ ತೆಗೆಯುವಾಗ ಏನೇನು ಮಾಡಿದ್ರು, ನೆನಪು ಮಾಡ್ಕೊಂಡು ಹೇಳಿ" ಎಂದು ಚಾಲಕನನ್ನು ಕೇಳಿದೆ.

"ಏನೂ ಇಲ್ಲ ಮೇಡಂ. ಸಿಸ್ಟ್ರು ಬಂದ್ರು, ಹತ್ತಿಲಿ ಒರೆಸುದ್ರು, ತಣ್ಣಗಿತ್ತು. ಸ್ಪಿರಿಟ್ ವಾಸ್ನೆ ಮೂಗ್ಗೆ ಒಡೀತು. ಚುಚ್ಚುದ್ರು."

ಪೆನ್ನು ಕೈಯಲ್ಲೇ ನಿಂತಿತು. ಸ್ಪಿರಿಟ್ ಅಂದರೆ ಅದೂ ಮದ್ಯದ ಜಾತಿಯದೇ. ಕುಡಿದ ಪ್ರಕರಣದಲ್ಲಿ ರಕ್ತ ತೆಗೆಯುವಾಗ ಚರ್ಮವನ್ನು ಅದರಿಂದ ಒರೆಸಬಾರದು. ಒರೆಸಿದರೆ, ರಕ್ತದಲ್ಲಿ ಸಿಕ್ಕಿದ್ದು ಹೊಟ್ಟೆಯಿಂದ ಬಂದದ್ದೋ ಹತ್ತಿಯಿಂದ ಬಂದದ್ದೋ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಹತ್ತಿಯ ಹನಿಯಿಂದ ಅಷ್ಟೆಲ್ಲ ಏರುವುದಿಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಅನುಮಾನ ಬಂತೆಂದರೆ ಅದರ ಲಾಭ ಆರೋಪಿಗೆ. ಕೇಸು ಗೆದ್ದೆ ಎಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಸಿಸ್ಟರ್ ಯಾರು ಎಂದು ಸಾಕ್ಷಿಗಳ ಹೆಸರು ನೋಡಿದ್ದು ಆಮೇಲೆ.

ಆ ಸಿಸ್ಟರ್ ನನಗೆ ಗೊತ್ತಿದ್ದವರು.

ಆಸ್ಪತ್ರೆ ಯಾವುದೆಂದು ಹೇಳುವುದು ಬೇಡ. ನಮ್ಮಪ್ಪ ರೇಷ್ಮೆ ಮಗ್ಗದವರು, ಕಡೆಗಾಲದಲ್ಲಿ ಸಕ್ಕರೆ ಕಾಯಿಲೆಯಿಂದ ಪಾದ ಹುಣ್ಣಾಗಿ ಅಲ್ಲಿ ಸೇರಿದ್ದರು. ದಿನಾ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದವರು ಈ ಸಿಸ್ಟರೇ. ಯಳಂದೂರಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಮನೆಯಲ್ಲಿ ಶಾಲೆಗೆ ಹೋಗುವ ಮಗಳು, ಹಾಸಿಗೆ ಹಿಡಿದ ಅತ್ತೆ. ನಮ್ಮಪ್ಪ ನೋವಿಗೆ ಕೂಗಿ ರೇಗಿದರೆ, "ಮಗ್ಗದ ಮುಂದೆ ಇಷ್ಟು ವರ್ಷ ಕೂತೋರಿಗೆ ಇನ್ನೊಂದು ಗಳಿಗೆ ಕೂರಕ್ಕಾಗಲ್ವಾ ತಾತ?" ಎಂದು ನಗಿಸುತ್ತಿದ್ದರು. ಅಪ್ಪ ತೀರಿಕೊಂಡಾಗ ಡ್ಯೂಟಿ ಮುಗಿಸಿಕೊಂಡು ಮನೆಗೂ ಬಂದು ಹೋಗಿದ್ದರು.

ಸಾಕ್ಷಿಯ ದಿನ ಬೆಳಿಗ್ಗೆ ಕೋರ್ಟಿನ ವರಾಂಡದಲ್ಲಿ ನನ್ನನ್ನು ಕಂಡು ಎದ್ದು ಬಂದರು. ಮುಖದಲ್ಲಿ ಗೆಲುವು.

"ಮೇಡಂ, ನೀವಿದ್ದೀರಾ. ಸಾಕ್ಷಿ ಹೇಳೋದು ಇದೇ ಮೊದ್ಲು. ಕೈಯೆಲ್ಲ ತಣ್ಣಗಾಗ್ತಾ ಇದೆ."

"ಸಿಸ್ಟರ್, ನಾನು ಚಾಲಕನ ಪರ. ನಿಮ್ಮನ್ನ ಪಾಟೀಸವಾಲು ಮಾಡೋಳು ನಾನೇ. ಇವತ್ತು ನಾವು ಮಾತಾಡೋದು ಸರಿಯಲ್ಲ" ಎಂದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಹೌದಾ" ಎಂದರು. ಆಮೇಲೆ, "ಪರವಾಗಿಲ್ಲ. ಇದ್ದದ್ದು ತಾನೇ ಹೇಳಬೇಕಾಗಿರೋದು" ಎಂದು ಹೋಗಿ ಬೆಂಚಿನ ಮೇಲೆ ಕೂತರು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಊರುಗೋಲು ಹಿಡಿದು ಕೂತಿದ್ದವರು ಹುಲ್ಲಿನ ಹೊರೆಯ ಆ ಹೆಂಗಸು. ಶಾಗ್ಯದ ಪಕ್ಕದ ಹಳ್ಳಿಯವರು, ಕೂಲಿ ಮಾಡಿ ಬದುಕುವವರು. ಅವರ ಸಾಕ್ಷಿ ಹಿಂದಿನ ಸಲವೇ ಮುಗಿದಿತ್ತು. ಆದರೂ ಪ್ರತಿ ವಾಯಿದೆಗೂ ಬಂದು ಕೂರುತ್ತಿದ್ದರು.

ಸರ್ಕಾರಿ ವಕೀಲರು ಸಿಸ್ಟರನ್ನು ನಾಲ್ಕು ಮಾತು ಕೇಳಿ ಕೂತರು. ನಾನು ಎದ್ದೆ.

"ಸೂಜಿ ಹಾಕುವ ಮೊದಲು ಚರ್ಮ ಒರೆಸಿದ್ರಾ?"

"ಒರೆಸಿದೆ."

"ಯಾವುದರಿಂದ?"

ಸಿಸ್ಟರ್ ಸರ್ಕಾರಿ ವಕೀಲರ ಕಡೆ ನೋಡಿದರು, ಅವರು ಫೈಲಿನ ಮೇಲೆ ಕಣ್ಣಿಟ್ಟಿದ್ದರು. ನನ್ನ ಕಡೆ ನೋಡಿದರು. ನಾನು ಮುಖದಲ್ಲಿ ಏನೂ ತೋರಿಸದೆ ನಿಂತಿದ್ದೆ. ಅದೂ ಕಲಿತ ವಿದ್ಯೆಯೇ.

"ಸ್ಪಿರಿಟ್ ಹತ್ತಿಯಿಂದ."

"ಕುಡಿದದ್ದನ್ನ ಪತ್ತೆ ಮಾಡೋಕೆ ತೆಗೆಯುತ್ತಿರುವ ರಕ್ತ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಟ್ರೇನಲ್ಲಿ ಇದ್ದದ್ದು ಅದೇ. ನಾವು ಎಲ್ಲರಿಗೂ ಅದನ್ನೇ ಹಾಕೋದು."

"ಅದು ಆರುವ ತನಕ ಕಾದಿರಾ?"

"ಇಲ್ಲ. ವಾರ್ಡಲ್ಲಿ ತುಂಬಾ ಜನ ಇದ್ದರು. ಒದ್ದೆ ಇರುವಾಗಲೇ ತೆಗೆದೆ."

ಬೆರಳಚ್ಚಿನವರು ಅದನ್ನು ಟೈಪು ಮಾಡಿ ಮುಗಿಸಿದರು. ಇನ್ನೇನೂ ಕೇಳುವುದಿಲ್ಲ ಎಂದು ಕೂತೆ. ಸಾಕ್ಷಿಕಟ್ಟೆ ಇಳಿಯುವಾಗ ಸಿಸ್ಟರ್ ಸೀರೆಯ ಸೆರಗಿನಲ್ಲಿ ಅಂಗೈ ಒರೆಸಿಕೊಂಡರು. ಸುಳ್ಳು ಹೇಳುವ ಸಾಕ್ಷಿಯನ್ನು ಕೆಡವಿದಾಗ ಒಳಗೊಂದು ಹಿಗ್ಗು ಬರುತ್ತದೆ, ಇಲ್ಲವೆಂದರೆ ಸುಳ್ಳಾದೀತು. ಆವತ್ತು ಆ ಹಿಗ್ಗು ಬರಲಿಲ್ಲ. ನಾನು ಯಾರನ್ನೂ ಕೆಡವಿರಲಿಲ್ಲ. ಅವರು ಇದ್ದದ್ದನ್ನು ಎತ್ತಿ ಕೈಗೆ ಕೊಟ್ಟರು, ನಾನು ತೆಗೆದುಕೊಂಡೆ.

ತೀರ್ಪು ಬಂತು. ರಕ್ತದ ವರದಿಯನ್ನು ನೆಚ್ಚಿಕೊಳ್ಳಲು ಸಾಧ್ಯವಿಲ್ಲ, ಆದ್ದರಿಂದ ಕುಡಿದು ಗಾಡಿ ಓಡಿಸಿದ ಆರೋಪದಿಂದ ಬಿಡುಗಡೆ. ಅಜಾಗರೂಕತೆಯಿಂದ ಓಡಿಸಿ ಗಾಯ ಮಾಡಿದ್ದಕ್ಕೆ ದಂಡ. ದಂಡ ಅಲ್ಲೇ ಕಟ್ಟಿಸಿದೆ. ವರಾಂಡಕ್ಕೆ ಬಂದಾಗ ಆ ಹೆಂಗಸು ಊರುಗೋಲು ಊರಿಕೊಂಡು ನನ್ನ ಎದುರಿಗೆ ಬಂದು ನಿಂತರು. ಜಗಳಕ್ಕೆ ಬಂದರೇನೋ ಅಂದುಕೊಂಡೆ. ಅವರ ದನಿಯಲ್ಲಿ ಜಗಳ ಇರಲಿಲ್ಲ.

"ಜಡ್ಜ್ ಸಾಯೇಬ್ರು ಏನಂದ್ರು ನಂಗೆ ಅರ್ಥಾಗ್ನಿಲ್ಲ ಕಣವ್ವ. ಅಂಗಾರೆ ಅವ ಕುಡ್ದಿರ್ನಿಲ್ವಾ?"

"ಸಾಕ್ಷ್ಯ ಸಾಲದು ಅಂದ್ರು ಅಮ್ಮ."

"ಅದಲ್ಲ ನಾ ಕೇಳಿದ್ದು. ಆಟೋಲಿ ಮಲಗ್ಸ್ಕಂಡು ಓಯ್ತಿದ್ದಾಗ ನಂಗೆ ವಾಸ್ನೆ ಬಂತು. ನೋವ್ಗೆ ನಂಗೇ ಬುದ್ಧಿ ಕೆಟ್ಟಿತ್ತೋ ಏನೋ ಅಂತವ ಕೇಳ್ದಿ. ಕುಡ್ದಿದ್ನೋ, ಇಲ್ವೋ?"

ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. "ಅದನ್ನ ನಾನು ಹೇಳೋ ಹಾಗಿಲ್ಲ" ಎಂದೆ. ಅಷ್ಟರಲ್ಲೇ ಆಕೆಗೆ ಉತ್ತರ ಸಿಕ್ಕಿರಬೇಕು ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಸಿಕ್ಕಿರಲಿಲ್ಲ. ತನಗೆ ಬುದ್ಧಿ ಕೆಟ್ಟಿತ್ತು ಎಂದೇ ತಿಳಿದುಕೊಂಡು ಆಕೆ ಊರಿಗೆ ಹೋದರು. ಅದು ನನಗೆ ತಿಳಿದದ್ದು ಆ ಚಾಲಕನಿಂದ.

ತೀರ್ಪಾದ ಮಾರನೆಯ ವಾರ ಅವನು ಒಂದು ಚೀಲ ಸೀಬೆಹಣ್ಣು ಹೊತ್ತುಕೊಂಡು ಬಂದ. ಗೆದ್ದವನ ಕಳೆ ಇರಲಿಲ್ಲ.

"ಈಗ್ಲಾದ್ರೂ ಆವಮ್ಮಂಗೆ ಯೋಳ್ಬೋದಾ ಮೇಡಂ?"

"ಅಪೀಲಿಗೆ ಅವಕಾಶ ಇದೆ. ಆ ಅವಧಿ ಮುಗೀಲಿ, ಅಲ್ಲೀವರೆಗೂ ಬಾಯಿ ಬಿಡಬೇಡಿ" ಎಂದೆ. ಎರಡನೇ ಸಲ.

ಅವನು ತಲೆಯಾಡಿಸಿ ಹೋದ. ಆದರೆ ಕಾಯಲಿಲ್ಲ. ದಿನಾ ಅವನ ಗಾಡಿ ಆಕೆಯ ಊರಿನ ಮೇಲೇ ಹೋಗಬೇಕು. ಆಕೆ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿರುವುದು ದಿನಾ ಕಣ್ಣಿಗೆ ಬೀಳಬೇಕು. ಒಂದು ಬೆಳಿಗ್ಗೆ ಗಾಡಿ ನಿಲ್ಲಿಸಿ ಇಳಿದುಹೋಗಿ ಹೇಳಿಬಿಟ್ಟನಂತೆ. ಹಾಗೆ ಹೇಳಿದ್ದನ್ನು ನನಗೆ ಹೇಳಲು ಮತ್ತೆ ಬಂದ, ಈ ಸಲ ಬರಿಗೈಲಿ.

"ಏನಂದ್ರು ಅವರು?" ಎಂದೆ.

"ಬೈಯ್ನಿಲ್ಲ ಮೇಡಂ. 'ಸದ್ಯ, ನಂಗೇ ತಲೆ ಕೆಟ್ಟಿತ್ತು ಅನ್ಕಂಡಿದ್ದಿ' ಅಂದ್ರು. ಆಮ್ಯಾಕೆ ಸೊಸೆನ ಕೂಗಿ, 'ನಾ ಯೋಳಿದ್ದು ದಿಟ ಆಯ್ತು ನೋಡು' ಅಂದ್ರು. ನನ್ನ ಕೂತ್ಕೋ ಅನ್ಲೂ ಇಲ್ಲ, ಓಗು ಅನ್ಲೂ ಇಲ್ಲ. ನಿಂತಿದ್ದು ನಿಂತಿದ್ದು ನಾನೇ ಬಂದಿ."

ಅಪೀಲು ಯಾರೂ ಹಾಕಲಿಲ್ಲ. ಆಕೆ ಪೊಲೀಸಿಗೂ ಹೋಗಲಿಲ್ಲ. ಆಕೆಯ ಪರಿಹಾರದ ಕೇಸು ಬೇರೆ ವಕೀಲರು ನಡೆಸಿದರು, ವಿಮೆಯವರು ಕೊಟ್ಟರು. ಚಾಲಕ ಕುಡಿದಿದ್ದ ಎಂದು ಸಾಬೀತಾಗಿದ್ದಿದ್ದರೆ ವಿಮೆಯವರು ತಕರಾರು ತೆಗೆದು ಎಳೆದಾಡುತ್ತಿದ್ದರು, ಹಾಗಾಗಿ ನನ್ನಿಂದ ಆಕೆಗೂ ಉಪಕಾರವೇ ಆಯಿತು ಎಂದು ನನ್ನ ಜೂನಿಯರ್ ಹುಡುಗಿ ಒಮ್ಮೆ ಹೇಳಿದಳು. ಲೆಕ್ಕ ಸರಿಯೇ. ಆ ಲೆಕ್ಕವನ್ನು ಅವಳಿಗಿಂತ ಮೊದಲೇ ನಾನೂ ಹಾಕಿ ನೋಡಿದ್ದೆ. ಆದರೆ ಆಕೆ ಕೇಳಿದ್ದು ಪರಿಹಾರವನ್ನಲ್ಲ. ತನ್ನ ಮೂಗು ತನಗೆ ಸುಳ್ಳು ಹೇಳಿತೋ ಇಲ್ಲವೋ ಎಂಬುದನ್ನು ಕೇಳಿದ್ದರು. ಅಷ್ಟು ಸಣ್ಣದನ್ನು ತಿಳಿಯಲು ಆಕೆ ಅಷ್ಟು ವಾಯಿದೆಗಳಿಗೆ ಬಸ್ಸು ಹತ್ತಿ ಬಂದಿದ್ದರು.

ಸಿಸ್ಟರ್ ಸುದ್ದಿ ತಡವಾಗಿ ತಿಳಿಯಿತು. ಬೇರೊಂದು ಕೆಲಸಕ್ಕೆ ಅದೇ ಆಸ್ಪತ್ರೆಗೆ ಹೋಗಿದ್ದೆ. ಅವರು ಕಾಣಲಿಲ್ಲ ಎಂದು ಕೇಳಿದಾಗ ಅಲ್ಲಿನ ಆಯಾ ಹೇಳಿದರು, "ಅವ್ರ ಮಾರ್ಟಳ್ಳಿಗೆ ಆಕುದ್ರು ಕಣ್ರಿ. ಆಡಳಿತದ ಕಾರಣ ಅಂತ ಬರ್ದಿದ್ರಂತೆ. ಏನ್ ಕಾರ್ಣಾನೋ, ಕೋರ್ಟ್ಗೆ ಓಗಿ ಬಂದ್ಮೇಲೆ ಆದದ್ದು."

ಯಳಂದೂರು ಎಲ್ಲಿ, ಮಾರ್ಟಳ್ಳಿ ಎಲ್ಲಿ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಂದು, ಅಲ್ಲಿಂದ ಹನೂರು, ರಾಮಾಪುರ ದಾಟಿ, ಕಾಡಿನ ಅಂಚಿನಲ್ಲಿ ಸಾಗಿ ತಮಿಳುನಾಡಿನ ಗಡಿಯ ಹತ್ತಿರಕ್ಕೆ ಹೋಗಬೇಕು. ದಿನಾ ಹೋಗಿಬರುವ ದಾರಿಯಲ್ಲ. ವರ್ಗಾವಣೆ ನಾನು ಮಾಡಿಸಿದ್ದಲ್ಲ, ಸಾಕ್ಷಿಗೂ ಅದಕ್ಕೂ ಸಂಬಂಧ ಇದೆಯೆಂದು ಯಾರೂ ಬರೆದುಕೊಟ್ಟಿಲ್ಲ. ಕೋರ್ಟಿನಲ್ಲಾಗಿದ್ದರೆ ಇದೇ ಮಾತು ಹೇಳಿ ನನ್ನನ್ನು ನಾನೇ ಬಿಡಿಸಿಕೊಂಡುಬಿಡುತ್ತಿದ್ದೆ.

ಹೋಗಿ ನೋಡಬೇಕು ಎಂದುಕೊಂಡೆ. ಹೋಗಲಿಲ್ಲ. ಹೋಗಿ ಏನು ಹೇಳುವುದು ಎಂದು ತಿಳಿಯದೆ ದಿನ ತಳ್ಳಿದೆ. ಕೊನೆಗೆ ಕಾನೂನು ಅರಿವು ಶಿಬಿರವೊಂದು ಮಾರ್ಟಳ್ಳಿಯಲ್ಲಿ ಬಿತ್ತು, ಭಾಷಣ ಮಾಡುವವರ ಸಾಲಿನಲ್ಲಿ ನನ್ನನ್ನೂ ಸೇರಿಸಿದರು. ನನಗೆ ಕೊಟ್ಟ ವಿಷಯ ಕುಡಿದು ವಾಹನ ಓಡಿಸುವುದರ ಅಪಾಯ. ಆ ಊರಿನಲ್ಲಿ ತಮಿಳು ಹೆಚ್ಚು. ನಾನು ಕನ್ನಡದಲ್ಲಿ ಹೇಳುತ್ತಿದ್ದದ್ದನ್ನು ಅಲ್ಲಿನ ಮೇಷ್ಟರೊಬ್ಬರು ತಮಿಳಿಗೆ ತಿರುಗಿಸುತ್ತಿದ್ದರು. ನಾನು ಹೇಳಿದ್ದೆಲ್ಲ ಎರಡೆರಡು ಸಲ ನನ್ನ ಕಿವಿಗೇ ಬೀಳುತ್ತಿತ್ತು. ಬೇಗ ಮುಗಿಸಿ, ಊಟಕ್ಕೂ ನಿಲ್ಲದೆ ಆರೋಗ್ಯ ಕೇಂದ್ರದ ಕಡೆ ನಡೆದೆ.

ಸಿಸ್ಟರ್ ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಹೆಂಗಸೊಬ್ಬಳಿಗೆ ಮಾತ್ರೆ ಹೇಗೆ ಕೊಡಬೇಕೆಂದು ಅರ್ಧ ತಮಿಳಲ್ಲಿ ಅರ್ಧ ಕೈಸನ್ನೆಯಲ್ಲಿ ಹೇಳುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು. ಒಳಗೆ ಕರೆದು ಸ್ಟೂಲು ಹಾಕಿದರು. ಅತ್ತೆ ಹೇಗಿದ್ದಾರೆ ಎಂದು ಕೇಳಿದೆ.

"ತೀರ್ಕೊಂಡ್ರು ಮೇಡಂ. ಹೋದ ಚಳಿಗಾಲದಲ್ಲಿ. ನಾನು ಇಲ್ಲೇ ಇದ್ದೆ, ಬಸ್ಸು ಸಿಕ್ಕಿ ಹೋಗೋ ಹೊತ್ತಿಗೆ ಮುಗಿದಿತ್ತು. ಮಗಳನ್ನ ನಮ್ಮಮ್ಮನ ಮನೇಲಿ ಬಿಟ್ಟಿದ್ದೀನಿ. ವಾರಕ್ಕೊಂದ್ಸಲ ಹೋಗ್ತೀನಿ."

ಅವರೇ ಮಾತು ಮುಂದುವರಿಸಿದರು.

"ಸಾಕ್ಷಿ ಹೇಳೋಕೆ ಬಂದ ದಿನ ಬೆಳಿಗ್ಗೆ ಆಸ್ಪತ್ರೇಲಿ ಒಬ್ರು ಹೇಳಿದ್ರು. ಯಾವುದರಿಂದ ಒರೆಸಿದ್ರಿ ಅಂತ ಕೇಳಿದ್ರೆ ನೆನಪಿಲ್ಲ ಅಂದ್ಬಿಡಿ ಅಂತ. ನಾನು ನೆನಪಿಲ್ಲ ಅಂದಿದ್ರೆ ನೀವು ಏನ್ ಮಾಡ್ತಿದ್ರಿ?"

"ಇನ್ನೂ ಎರಡು ಮೂರು ತರಹ ಕೇಳ್ತಿದ್ದೆ. ನೀವು ಅದನ್ನೇ ಹಿಡಿದಿದ್ರೆ ಬಿಡಬೇಕಾಗ್ತಿತ್ತು."

"ಹಂಗಾದ್ರೆ ಅವನಿಗೆ ಶಿಕ್ಷೆ ಆಗ್ತಿತ್ತಾ?"

"ಆಗಬಹುದಿತ್ತು."

ಅವರು ಕಿಟಕಿಯ ಕಡೆ ನೋಡುತ್ತಾ ಕೂತರು. "ಬಸ್ಸಲ್ಲಿ ಕೂತಾಗ ಎಷ್ಟೋ ಸಲ ಅನ್ಸುತ್ತೆ ಮೇಡಂ. ನೆನಪಿಲ್ಲ ಅಂದ್ಬಿಡಬೇಕಾಗಿತ್ತು ಅಂತ. ಆ ಕಾಲು ಮುರಿದ ಅಮ್ಮನಿಗೂ ನ್ಯಾಯ ಸಿಗ್ತಿತ್ತು, ನಾನೂ ಮನೆ ಹತ್ರ ಇರ್ತಿದ್ದೆ. ನಮ್ಮತ್ತೆ ಹೋದಾಗಂತೂ ಅದೇ ಯೋಚನೆ. ನಿಜ ಹೇಳಿ ಯಾರಿಗೆ ಒಳ್ಳೇದು ಮಾಡಿದೆ ನಾನು?"

ಇದಕ್ಕೆ ನನ್ನಲ್ಲಿ ಉತ್ತರ ಇತ್ತು. ಸಾಕ್ಷ್ಯ ಸರಿಯಿಲ್ಲದಿದ್ದರೆ ನಾಳೆ ಕುಡಿಯದವನೂ ಸಿಕ್ಕಿಬೀಳುತ್ತಾನೆ, ಇಂಥ ನಿಯಮಗಳಿರುವುದು ಅದಕ್ಕೇ ಎಂದು. ಆಗ ತಾನೇ ಶಿಬಿರದಲ್ಲಿ ಇದನ್ನೂ ಒಂದು ಮಾತು ಹೇಳಿ ಬಂದಿದ್ದೆ. ಆ ಮುಖದ ಮುಂದೆ ಅದನ್ನು ಹೇಳಲಿಲ್ಲ. ಒಳ್ಳೆಯ ಹೆಂಗಸೊಬ್ಬರು, ಸುಳ್ಳು ಹೇಳಬೇಕಾಗಿತ್ತು ಎಂದು ಬಸ್ಸಿನಲ್ಲಿ ಕೂತು ಹಲುಬುವ ಹಾಗೆ ಆಗಿತ್ತು. ಪ್ರಶ್ನೆ ಕೇಳಿದವಳು ನಾನು. ಕೇಳಲೇಬೇಕಿತ್ತು.

"ಇಲಾಖೆಯಲ್ಲಿ ನನಗೆ ಗೊತ್ತಿರೋರು ಒಬ್ರು ಇದ್ದಾರೆ. ಹೇಳಿ ನೋಡ್ತೀನಿ, ವಾಪಸ್ ಕೊಳ್ಳೇಗಾಲದ ಕಡೆಗೆ ಹಾಕ್ಸೋಣ" ಎಂದೆ.

ಅವರು ತಟ್ಟನೆ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಆದರೆ ಗಟ್ಟಿ ದನಿ.

"ಬೇಡ ಮೇಡಂ. ನಿಮ್ಮಿಂದ ನಾನು ವಾಪಸ್ ಬಂದೆ ಅಂತ ಗೊತ್ತಾದ್ರೆ, ಅವತ್ತು ಸಾಕ್ಷಿ ಹೇಳಿದ್ದೂ ನಿಮಗೋಸ್ಕರ ಅಂತಾರೆ. ನನ್ನ ಹತ್ರ ಉಳಿದಿರೋದು ಅದೊಂದೇ. ಅದನ್ನ ನನಗೇ ಬಿಟ್ಟುಬಿಡಿ."

ಹೊರಗೆ ಯಾರೋ ಸಿಸ್ಟರ್ ಎಂದು ಕೂಗಿದರು. ಅವರು ಎದ್ದುಹೋದರು. ಬಾಗಿಲಲ್ಲಿ ತಿರುಗಿ, "ಊಟ ಆಗಿಲ್ಲ ಅಂತ ಮುಖ ಹೇಳ್ತಾ ಇದೆ, ಮಾಡ್ಕೊಂಡು ಹೋಗಿ" ಎಂದರು.

ನಾನು ಊಟ ಮಾಡದೆ ಬಂದೆ. ರಾಮಾಪುರದ ತನಕ ಜೊತೆಯಲ್ಲಿದ್ದ ವಕೀಲರು ಏನೇನೋ ಮಾತಾಡುತ್ತಿದ್ದರು, ಹೂಂಗುಟ್ಟುತ್ತಿದ್ದೆ. ಇಲಾಖೆಯ ಆ ಪರಿಚಯದವರ ನಂಬರು ಇವತ್ತಿಗೂ ನನ್ನ ಫೋನಿನಲ್ಲಿದೆ. ಮಾಡಿಲ್ಲ. ಸಿಸ್ಟರ್ ಮಾತಿಗೆ ಬೆಲೆ ಕೊಟ್ಟು ಸುಮ್ಮನಿದ್ದೇನೋ, ಸುಮ್ಮನಿರುವುದು ಸುಲಭವಾದ್ದರಿಂದ ಸುಮ್ಮನಿದ್ದೇನೋ, ನನಗೇ ಖಚಿತವಿಲ್ಲ. ಅಂಥ ಕೇಸುಗಳು ಬಂದರೆ ಈಗಲೂ ತೆಗೆದುಕೊಳ್ಳುತ್ತೇನೆ. ಚಾಲಕ ಈಗಲೂ ಗಾಡಿ ಓಡಿಸುತ್ತಾನೆ, ಕುಡಿಯುವುದನ್ನು ಬಿಟ್ಟಿದ್ದೇನೆ ಅನ್ನುತ್ತಾನೆ. ಮಾರ್ಟಳ್ಳಿ ಕಡೆಯ ಕಕ್ಷಿಗಾರರು ಬಂದಾಗ ಆರೋಗ್ಯ ಕೇಂದ್ರದ ಸಿಸ್ಟರ್ ಹೇಗಿದ್ದಾರೆ ಎಂದು ವಿಚಾರಿಸುತ್ತೇನೆ. ತಮಿಳು ಚೆನ್ನಾಗಿ ಕಲಿತುಕೊಂಡಿದ್ದಾರೆ ಎಂದು ಹೋದ ತಿಂಗಳು ಒಬ್ಬರು ಹೇಳಿದರು.